ಎಡ ಭುಜ, ಅರ್ಧ ಇಂಚು

ಮಾರ್ಚ್ ೩
ಅಂಗಡಿಯಿಂದ

ಪ್ರೀತಿಯ ಗುಂಡುಸೂಜಿಗೆ,

ಅಣ್ಣ ಕಾಗದ ಬರೆದಿದ್ದಾನೆ ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ತನಿಖೆಯವರು ನನ್ನ ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೊಂದು ನಂಬರು ಬರೆದು ಎತ್ತಿಕೊಂಡು ಹೋದರು. ನಿನ್ನ ಅತ್ತಿಗೆಯ ಫೋನಿನ ಮೇಲೂ ನನಗೆ ನಂಬಿಕೆಯಿಲ್ಲ. ಆದ್ದರಿಂದ ಕಾಗದ.

ಮೊದಲಿನಿಂದ ಹೇಳುತ್ತೇನೆ, ಕೇಳು. ಜನವರಿಯಲ್ಲಿ ಒಂದು ಗುರುವಾರ ನಟಿ ಮೇಡಂ ಮನೆಗೆ ನೀಲಿ ಕೋಟಿನ ಅಳತೆಗೆ ಹೋಗಿದ್ದೆ. ಹನ್ನೊಂದು ವರ್ಷದಿಂದ ಅವರ ಕೋಟು ಹೊಲಿಯುವುದು ನಾನೇ ಎಂಬುದು ನಿನಗೆ ಗೊತ್ತು. ಎರಡು ಕೈಯನ್ನೂ ಅಗಲಿಸಿ ನಿಂತಿದ್ದಾರೆ, ಫೋನು ಬಂತು. ಸಹಾಯಕಿ ತನ್ನ ಫೋನನ್ನೇ ತಂದು ಅವರ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ ಹೋದಳು. ನಾನು ಟೇಪು ಹಿಡಿದು ಕತ್ತಿನ ಹತ್ತಿರವೇ ಇದ್ದೆ. ದರ್ಜಿಯಷ್ಟು ಹತ್ತಿರ ಯಾರು ನಿಲ್ಲುತ್ತಾರೆ ಹೇಳು, ಗಂಡನೂ ನಿಲ್ಲುವುದಿಲ್ಲ. ಆ ಕಡೆಯ ದನಿ ನನಗೂ ಕೇಳಿಸಿತು. "ಹೊಸ ಗುಳಿಗೆ ಪರೀಕ್ಷೆಲಿ ಫೇಲಾಗಿದೆ. ಸೋಮವಾರ ಸುದ್ದಿ ಹೊರಗೆ ಬರುತ್ತೆ. ನಾಳೆನೇ ಎಲ್ಲಾ ಮಾರಿಬಿಡಿ." ಹೇಳಿದವರು ಒಂದು ಔಷಧಿ ಕಂಪನಿಯ ನಿರ್ದೇಶಕರಲ್ಲಿ ಒಬ್ಬರು, ಮೇಡಂ ಕರೆದ ಹೆಸರಿನಿಂದಲೇ ಗೊತ್ತಾಯಿತು.

ಕಂಪನಿ ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಅಮ್ಮ ಇಪ್ಪತ್ತೆಂಟು ವರ್ಷ ಗುಳಿಗೆ ಪ್ಯಾಕ್ ಮಾಡಿದ ಕಂಪನಿ. ಕೆಲಸ ಬಿಡುವಾಗ ಅವರು ಕೊಟ್ಟ ಷೇರು ನಿನ್ನಲ್ಲಿ ಅರ್ಧ, ನನ್ನಲ್ಲಿ ಅರ್ಧ. ನನ್ನ ಅರ್ಧವನ್ನು ಮರುದಿನ ಮಾರಿದೆ. ಕಂಪನಿಯ ಒಳಗಿನ ಗುಟ್ಟು ಕೇಳಿ ಹಾಗೆ ಮಾರುವುದು ಅಪರಾಧವಂತೆ. ತನಿಖೆಯವರ ಹತ್ತಿರ ಎರಡು ಪಟ್ಟಿ ಇತ್ತು: ಆ ದಿನಗಳಲ್ಲಿ ಷೇರು ಮಾರಿದವರದ್ದು ಒಂದು, ಆ ಮನೆಗೆ ಹೋಗಿ ಬರುವವರದ್ದು ಇನ್ನೊಂದು. ಎರಡರಲ್ಲೂ ಇದ್ದ ಹೆಸರು ಎರಡೇ. ಮನೆಯೊಡತಿಯದು ಮತ್ತು ನನ್ನದು.

ಕೇಳಿದರು, ಹೇಳಿಬಿಟ್ಟೆ. ಸುಳ್ಳು ಹೇಳಲು ಮೊದಲೇ ತಾಲೀಮು ಬೇಕು, ನನಗೆ ಹೊತ್ತಿರಲಿಲ್ಲ. "ಇನ್ನು ಯಾರಿಗೆ ಹೇಳಿದ್ರಿ?" ಅಂದರು. "ಯಾರಿಗೂ ಇಲ್ಲ" ಅಂದೆ. ಅದೊಂದು ಸುಳ್ಳು. ಆ ಸಂಜೆ ನಾನು ನಿನಗೆ ಫೋನು ಮಾಡಿದ್ದು ನಿನಗೆ ಗೊತ್ತು, ನನಗೆ ಗೊತ್ತು. ಅಣ್ಣ ತಂಗಿಗೆ ಫೋನು ಮಾಡುವುದು ಅವರಿಗೆ ಸುದ್ದಿಯಲ್ಲ. ಜೂನಿನಲ್ಲಿ ನಿನ್ನ ಹೆಡ್ ನರ್ಸ್ ಸಂದರ್ಶನವಿದೆ. ತಮ್ಮ ಮೇಲೆ ಕೇಸಿದ್ದವರನ್ನು ಆ ಕುರ್ಚಿಗೆ ಕೂರಿಸುವುದಿಲ್ಲ. ನೀನು ಬಾಯಿ ಹೊಲಿದುಕೊಂಡು ಇರು. ಹೊಲಿಗೆ ಗಟ್ಟಿಯಾಗಿರಲಿ.

ಇದರ ಜೊತೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ನನ್ನ ಅಳತೆ ಪುಸ್ತಕ. ಊರಿನ ಸೊಂಟಗಳ ಗುಟ್ಟೆಲ್ಲ ಅದರಲ್ಲಿದೆ, ಕಂಡವರ ಕೈಗೆ ಸಿಕ್ಕರೆ ನನ್ನ ಗಿರಾಕಿಗಳು ತಲೆ ಎತ್ತಿ ತಿರುಗುವ ಹಾಗಿಲ್ಲ. ಬಿಚ್ಚಬೇಡ, ಬೀರುವಿನಲ್ಲಿಡು.

ನಿನ್ನ ಅಣ್ಣ

*

ಮಾರ್ಚ್ ೧೪
ಆಸ್ಪತ್ರೆಯ ವಸತಿಯಿಂದ

ಅಣ್ಣಾ,

ಪಾರ್ಸೆಲ್ ಬಂತು. ಹಳೆಯ ಕೋಟಿನ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಕಡೆ ಎರಡೆರಡು ಸಲ ಹೊಲಿದು ಕಳಿಸಿದ್ದೀಯ. ಸೊಂಟಗಳು ತಪ್ಪಿಸಿಕೊಂಡು ಓಡಿಹೋಗುತ್ತವೆ ಅಂದುಕೊಂಡೆಯಾ? ಬೀರುವಿನ ಮೇಲಿನ ಹಲಗೆಯಲ್ಲಿಟ್ಟಿದ್ದೇನೆ.

ವಾರ್ಡಿನಲ್ಲಿ ಎಲ್ಲರೂ ಪೇಪರು ಓದುತ್ತಾರೆ. "ಆ ದರ್ಜಿ ನಿಮ್ಮೂರಿನವನಂತಲ್ಲ, ಸಿಸ್ಟರ್?" ಅಂತ ಹನ್ನೆರಡನೇ ಹಾಸಿಗೆಯ ಮುದುಕರು ಕೇಳಿದರು. "ಹೌದಂತೆ" ಅಂದೆ. ಅಂದು ಮುಂದಿನ ಹಾಸಿಗೆಗೆ ಹೋದೆ. ಆಮೇಲೆ ಔಷಧಿ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತುಕೊಂಡಿದ್ದೆ. ಅದಕ್ಕೆ ನೀನು ಬೈಯಬೇಡ, ನಾನೇ ಬೈದುಕೊಂಡಾಗಿದೆ.

ನೀನು ಹೇಳಿದ ಹಾಗೇ ಇರುತ್ತೇನೆ.

ಅತ್ತಿಗೆಯ ಮಂಡಿ ನೋವು ಹೇಗಿದೆ? ಬಿಸಿ ನೀರಿನ ಶಾಖ ಕೊಟ್ಟುಕೊಳ್ಳಲು ಹೇಳು. ಒಳ್ಳೆಯ ವಕೀಲರನ್ನು ಹಿಡಿ. ಕೋರ್ಟಿಗೆ ಹೋಗುವಾಗ ಆ ಕಂದು ಬಣ್ಣದ ಅಂಗಿ ಹಾಕಬೇಡ. ಊರಿಗೆಲ್ಲ ಹೊಲಿಯುವವನು ಹರಿದ ಕಾಲರಿನಲ್ಲಿ ಯಾಕೆ ತಿರುಗುತ್ತೀಯೋ ದೇವರಿಗೇ ಗೊತ್ತು.

ನಿನ್ನ ತಂಗಿ

*

ಏಪ್ರಿಲ್ ೨
ಅಂಗಡಿಯಿಂದ

ಗುಂಡುಸೂಜಿ,

ಕಂದು ಅಂಗಿಯನ್ನೇ ಹಾಕಿಕೊಂಡು ಹೋದೆ. ಅದರ ಜೇಬು ದೊಡ್ಡದು, ಕನ್ನಡಕ ಹಿಡಿಸುತ್ತದೆ.

ಕೋರ್ಟಿನಲ್ಲಿ ಬಾಗಿಲು ಎರಡು. ಮುಂದಿನ ಬಾಗಿಲಲ್ಲಿ ನಾವು ಸಾಲಿನಲ್ಲಿ ನಿಂತಿದ್ದೆವು. ಜೇಬು ತಡಕಿ ಒಳಗೆ ಬಿಟ್ಟರು. ಮೇಡಂ ಹಿಂದಿನ ಬಾಗಿಲಲ್ಲಿ ಬಂದರು. ಅವರ ಜೊತೆ ವಕೀಲರು ಐದು ಜನ, ನನಗೆ ಕೋರ್ಟಿನವರೇ ಕೊಟ್ಟವರು ಒಬ್ಬರು. ಪಾಪ, ಅವರಿಗೆ ಅದೇ ದಿನ ಇನ್ನೂ ಏಳು ಕೇಸಿದ್ದವು. ನನ್ನನ್ನು ಎರಡು ಸಲ "ಅಡುಗೆಯವರೇ" ಅಂತ ಕರೆದರು. ಅಡುಗೆಯವರ ಕೇಸು ಮಧ್ಯಾಹ್ನಕ್ಕಿತ್ತು. ಮೇಡಂಗೆ ಕುರ್ಚಿ ತಂದು ಹಾಕಿದರು. ನಾನು ನಿಂತಿದ್ದೆ, ಅದೇನು ದೊಡ್ಡದಲ್ಲ, ದರ್ಜಿಗೆ ನಿಂತು ಅಭ್ಯಾಸ.

ಈಗ ಮೇಡಂ ಹೇಳುವುದು ಹೀಗೆ: ಅಳತೆಯ ದಿನ ಫೋನು ಬರಲೇ ಇಲ್ಲ, ಅವರು ಫೋನು ಮುಟ್ಟಲೇ ಇಲ್ಲ. ಅವರ ಫೋನಿನಲ್ಲಿ ಆ ಕರೆ ಇಲ್ಲ, ಅದು ನಿಜ, ಫೋನು ಸಹಾಯಕಿಯದಲ್ಲವೇ. ಸಹಾಯಕಿ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಾಳಂತೆ. ಅವರ ಷೇರು ಮಾರಾಟ ಎಂದೋ ನಿಶ್ಚಯವಾಗಿದ್ದದ್ದಂತೆ. ಹಾಗಾದರೆ ದರ್ಜಿಗೆ ವಿಷಯ ಗೊತ್ತಾದದ್ದು ಹೇಗೆ? ಕಂಪನಿಯ ನಿರ್ದೇಶಕರು ಅವರ ಮನೆಯ ಮೇಜಿನ ಮೇಲೆ ಮರೆತುಹೋಗಿದ್ದ ಕಾಗದಪತ್ರವನ್ನು ಕದ್ದು ಓದಿದ್ದಾನೆ!

ನೋಡು, ಬೆಳಿಗ್ಗೆ ಕೇಳಿಸಿಕೊಂಡವನಾಗಿ ಒಳಗೆ ಹೋದೆ, ಮಧ್ಯಾಹ್ನ ಕಳ್ಳನಾಗಿ ಹೊರಗೆ ಬಂದೆ. ಮೇಡಂ ಮೋಸ ಹೋದವರು. ಹೊರಗೆ ಜನ ಅವರಿಗೆ ಹೂವು ಕೊಟ್ಟರು. "ಮನೆಯೊಳಗೆ ಬಿಟ್ಟುಕೊಂಡವರೇ ಹೀಗೆ ಮಾಡಿದ್ರೆ ಯಾರನ್ನ ನಂಬೋದು" ಅಂತ ಮೇಡಂ ಕಣ್ಣೊರೆಸಿಕೊಂಡರು. ಚೆನ್ನಾಗಿ ಒರೆಸಿಕೊಂಡರು, ಕಾಡಿಗೆ ಸ್ವಲ್ಪವೂ ಹರಡಲಿಲ್ಲ.

ನನ್ನ ವಕೀಲರು ಕೇಳಿದರು, "ಫೋನು ಬಂದಿತ್ತು ಅನ್ನೋದಕ್ಕೆ ನಿಮ್ಮ ಹತ್ರ ಏನಾದ್ರೂ ಇದೆಯಾ?" ಇಲ್ಲ ಅಂದೆ.

ಅಣ್ಣ

*

ಏಪ್ರಿಲ್ ೨೦
ಆಸ್ಪತ್ರೆಯಿಂದ

ಅಣ್ಣಾ,

ನಿನ್ನ ಕಾಗದ ಓದಿ ಮೈ ಉರಿಯಿತು. ಅವರ ಮೇಲಲ್ಲ, ನಿನ್ನ ಮೇಲೆ. ಕಳ್ಳ ಅಂದರೂ ತಲೆ ಬಗ್ಗಿಸಿ ನಿಂತೆಯಲ್ಲ! "ನೀವೇ ಅಲ್ವಾ ಕೈ ಅಗಲಿಸಿ ನಿಂತು ಫೋನಲ್ಲಿ ಮಾತಾಡಿದ್ದು" ಅಂತ ಕೂಗಿ ಹೇಳುವುದಕ್ಕೆ ಏನಾಗಿತ್ತು? ಹನ್ನೊಂದು ವರ್ಷ ಅವರ ಅಳತೆ ತೆಗೆದು ತೆಗೆದು ನಿನಗೆ ಭಕ್ತಿ ಹಿಡಿದಿದೆ. ಅವರ ಸಿನಿಮಾ ಬಂದಾಗ ಮೊದಲ ಆಟಕ್ಕೆ ಹೋಗಿ, ಮುಖ ನೋಡದೆ ತೋಳಿನ ಹೊಲಿಗೆ ನೋಡಿ ಬರುವವನು ನೀನು. ಆ ಕಣ್ಣೀರಿಗೆ ಕರಗಿಬಿಟ್ಟೆ ಅಂತ ಕಾಣುತ್ತದೆ.

ಇನ್ನೊಂದು ಮಾತು. ಪೇಪರಿನಲ್ಲಿ ಅವರು ಕೋರ್ಟಿನ ಮೆಟ್ಟಿಲ ಮೇಲೆ ನಿಂತ ಚಿತ್ರ ಬಂದಿದೆ. ಹಾಕಿಕೊಂಡದ್ದು ನೀಲಿ ಕೋಟು, ನಿನ್ನದೇ, ಗುಂಡಿ ನೋಡಿದರೆ ಗೊತ್ತಾಗುತ್ತದೆ. ಎಡ ಭುಜ ಯಾಕೆ ಹಾಗೆ ಕೂತಿದೆ? ತುದಿಯಲ್ಲಿ ಎತ್ತರವಾಗಿ, ಖಾಲಿ ಚೀಲದ ಹಾಗೆ ಮಡಿಕೆ ಬಿದ್ದಿದೆ. ನಿನ್ನ ಕೈಯಿಂದ ಅಂಥ ಭುಜ ಹೊರಗೆ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಚಿಕ್ಕವಳಿದ್ದಾಗ ನನ್ನ ಗೊಂಬೆಯ ಅಂಗಿಯನ್ನೂ ಮೂರು ಸಲ ಬಿಚ್ಚಿ ಹೊಲಿದವನು. ಕಣ್ಣು ಮಂಜಾಗಿದೆಯಾ? ತೋರಿಸಿಕೊಂಡೆಯಾ?

ತಂಗಿ

*

ಮೇ ೬
ಅಂಗಡಿಯಿಂದ

ತಂಗಿಗೆ,

ಕಣ್ಣು ಚೆನ್ನಾಗಿದೆ. ಭುಜದ ಮಾತು ಬಿಡು.

ತೀರ್ಪು ಬಂತು. ಕದ್ದು ಓದಿದ್ದಕ್ಕೆ, ಅದರಿಂದ ಲಾಭ ಮಾಡಿಕೊಂಡದ್ದಕ್ಕೆ ಸೇರಿ ಒಂಬತ್ತು ತಿಂಗಳು. ನಾಳೆ ಹೋಗಬೇಕು.

ಮೇಡಂ ವಿಷಯ ಕೋರ್ಟಿನವರೆಗೂ ಬೆಳೆಯಲಿಲ್ಲ. ಅವರು ಬಂದದ್ದು ನನ್ನ ವಿರುದ್ಧ ಸಾಕ್ಷಿ ಹೇಳಲು ಮಾತ್ರ. ತನಿಖೆಯವರ ಜೊತೆ ಅವರದು ರಾಜಿಯಾಗಿದೆ. ಒಂದು ಮೊತ್ತ ಕಟ್ಟಿದರು, ಒಂದು ಕಾಗದಕ್ಕೆ ಸಹಿ ಹಾಕಿದರು. ತಪ್ಪನ್ನು ಒಪ್ಪಿಕೊಳ್ಳುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಅಂತ ಅದರಲ್ಲಿ ಬರೆದಿದೆಯಂತೆ. ನಾನು ನಲವತ್ತು ವರ್ಷ ಬಟ್ಟೆ ಕತ್ತರಿಸಿದ್ದೇನೆ, ಆದರೆ ಹೀಗೆ ಎರಡೂ ಕಡೆ ಹಾಕಿಕೊಳ್ಳುವಂಥ ಮಾತನ್ನು ಹೊಲಿದವರು ನನಗಿಂತ ದೊಡ್ಡ ದರ್ಜಿ.

ಅಂಗಡಿಯನ್ನು ನಿನ್ನ ಅತ್ತಿಗೆ ನೋಡಿಕೊಳ್ಳುತ್ತಾಳೆ. ಕಾಜಾ ಹಾಕುವುದರಲ್ಲಿ ಅವಳು ನನಗಿಂತ ಚುರುಕು. ಸಂದರ್ಶನಕ್ಕೆ ನಾನು ಹೊಲಿದ ಬೂದು ಬಣ್ಣದ್ದು ಹಾಕಿಕೊಂಡು ಹೋಗು.

ಅಣ್ಣ

*

ಜೂನ್ ೧೨
ಜೈಲಿನಿಂದ

ತಂಗಿಗೆ,

ಇಲ್ಲಿ ಕಾಗದ ಓದಿ ಕಳಿಸುತ್ತಾರೆ. ಆದ್ದರಿಂದ ಮೊದಲು ಓದುವ ಸಾಹೇಬರಿಗೆ ನಮಸ್ಕಾರ. ಆಮೇಲೆ ನಿನಗೆ.

ಹೊಲಿಗೆಯ ಕೋಣೆಗೆ ಹಾಕಿದ್ದಾರೆ. ಎಲ್ಲರಿಗೂ ಒಂದೇ ಅಳತೆಯ ಬಟ್ಟೆ. ಉದ್ದದವನಿಗೆ ಮೊಣಕಾಲು, ಗಿಡ್ಡದವನಿಗೆ ನೆಲ. ಮೊದಲ ವಾರ ನಾನು ಪ್ರತಿಯೊಬ್ಬನನ್ನೂ ಕಣ್ಣಲ್ಲೇ ಅಳೆದು, ಒಂದಿಷ್ಟು ಒಳಗೆ ಹಿಡಿದು, ಒಂದಿಷ್ಟು ಬಿಟ್ಟು ಹೊಲಿದೆ. "ಇಲ್ಲಿ ಎಲ್ಲರೂ ಸಮಾನರು ಕಣಯ್ಯಾ, ನೀನೇನು ಕಿತಾಪತಿ ಮಾಡ್ತಿದ್ದೀಯ?" ಅಂತ ಕಾವಲಿನವರು ಗದರಿದರು. ಈಗ ಅವರ ಪ್ಯಾಂಟನ್ನೇ ಸರಿಮಾಡಿಕೊಟ್ಟಿದ್ದೇನೆ, ಸುಮ್ಮನಾಗಿದ್ದಾರೆ.

ಊಟ, ನಿದ್ದೆ ಎಲ್ಲ ಸರಿಯಾಗಿದೆ. ಸಂದರ್ಶನ ಇಪ್ಪತ್ತಾರಕ್ಕೆ ಅಲ್ಲವೇ? ಬೀರುವನ್ನು ಹಾಗೇ ಬಿಡು.

ಅಣ್ಣ

*

ಜೂನ್ ೨೮
ಆಸ್ಪತ್ರೆಯ ವಸತಿಯಿಂದ

ಅಣ್ಣಾ,

ಓದುವ ಸಾಹೇಬರೂ ಇದನ್ನು ಪೂರ್ತಿ ಓದಲಿ, ನನಗೆ ಮುಚ್ಚುಮರೆಯಿಲ್ಲ.

"ಬೀರುವನ್ನು ಹಾಗೇ ಬಿಡು" ಅಂದೆಯಲ್ಲ, ಅಲ್ಲೇ ನೀನು ಸಿಕ್ಕಿಬಿದ್ದೆ. ಜೈಲಿನಲ್ಲಿ ಕೂತವನಿಗೆ ಊರಿನ ಸೊಂಟಗಳ ಚಿಂತೆ ಯಾಕೆ ಅನ್ನಿಸಿತು. ಕತ್ತರಿ ತಂದು ನಿನ್ನ ಎರಡೆರಡು ಹೊಲಿಗೆಯನ್ನೂ ಬಿಚ್ಚಿದೆ.

ಜನವರಿಯ ಆ ಗುರುವಾರದ ಪುಟ. ಬೆಳಿಗ್ಗೆ ಹತ್ತೂವರೆ. ಕತ್ತು, ಎದೆ, ತೋಳು, ಎಲ್ಲ ನಿನ್ನ ಇರುವೆ ಅಕ್ಷರದಲ್ಲಿ. ಭುಜದ ಸಾಲಿನ ಪಕ್ಕದಲ್ಲಿ: "ಎಡ ಭುಜ ಅರ್ಧ ಇಂಚು ಮೇಲೆ. ಫೋನು ಸಿಕ್ಕಿಸಿಕೊಂಡಿದ್ದರು. ಕತ್ತರಿಸುವಾಗ ಇಳಿಸು."

ಅದನ್ನು ಓದಿ ಪೇಪರಿನ ಚಿತ್ರ ಮತ್ತೆ ತೆಗೆದು ನೋಡಿದೆ. ಆ ಭುಜ ಯಾಕೆ ಹಾಗಿದೆ ಎಂದು ಗೊತ್ತಾಯಿತು. ಇಳಿಸುವುದನ್ನು ಮರೆತಿದ್ದೀಯ. ಫೋನು ಮುಟ್ಟಲೇ ಇಲ್ಲ ಎಂದು ಅವರು ಹೇಳಿದ್ದು, ಫೋನು ಸಿಕ್ಕಿಸಿಕೊಂಡ ಭುಜದ ಕೋಟನ್ನೇ ತೊಟ್ಟುಕೊಂಡು!

ಅದೇ ಪುಟದ ಕೆಳಗೆ ಇನ್ನೊಂದು ಸಾಲು: "ಸಂಜೆ ತಂಗಿಗೆ ಹೇಳು, ಅಮ್ಮನ ಷೇರು." ನಿನ್ನದು ಭಕ್ತಿ ಅಂದಿದ್ದೆನಲ್ಲ ಅಣ್ಣಾ. ನೀನು ಪುಸ್ತಕ ತೋರಿಸದೆ ಕಳ್ಳ ಅನ್ನಿಸಿಕೊಂಡದ್ದು ಈ ಸಾಲಿಗಾಗಿ.

ಇಪ್ಪತ್ತಾರಕ್ಕೆ ಬೂದು ಬಟ್ಟೆ ಹಾಕಿಕೊಂಡೆ. ಸಂದರ್ಶನಕ್ಕೆ ಹೋಗಲಿಲ್ಲ, ರೈಲು ಹತ್ತಿ ತನಿಖೆಯ ಕಚೇರಿಗೆ ಹೋದೆ. ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ಅಧಿಕಾರಿ ವಯಸ್ಸಾದವರು, ಒರಟಲ್ಲ. ಪುಟವನ್ನು ಎರಡು ಸಲ ಓದಿದರು. ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರು. "ನಿಮ್ಮಣ್ಣ ಜೋರು ಕಣ್ರೀ" ಅಂದರು. ಆಮೇಲೆ ಕನ್ನಡಕ ತೆಗೆದು, "ಆದ್ರೆ ಮೇಡಂ ಫೈಲು ರಾಜಿಯಾಗಿ ಮುಚ್ಚಿದೆ. ಮುಚ್ಚಿದ್ದನ್ನ ತೆಗೆಯೋಕೆ ನನ್ನ ಕೈಲಾಗಲ್ಲ" ಅಂದರು.

"ಮತ್ತೆ ನಮ್ಮಣ್ಣಂದು?"

"ಕದ್ದು ಓದಿದ್ದು ಅನ್ನೋ ಮಾತು ಬಿದ್ದುಹೋಗ್ಬಹುದು. ಇದನ್ನ ಕೋರ್ಟಿಗೆ ಕಳಿಸ್ತೀನಿ." ಪುಟದ ಮೇಲೆ ಬೆರಳಿಟ್ಟು, "ಈ ಕೆಳಗಿನ ಸಾಲು ಇದೆಯಲ್ಲಮ್ಮಾ. ನೀವೂ ಮಾರಿದ್ರಾ?"

"ಸೋಮವಾರ ಬೆಳಿಗ್ಗೆ. ಶುಕ್ರವಾರ ನನಗೆ ಡ್ಯೂಟಿ ಇತ್ತು."

ಅವರು ಮೇಜಿನ ಡ್ರಾಯರಿನಿಂದ ಹೊಸ ಫೈಲು ತೆಗೆದರು. ಹೊಸದೇ, ಅಂಚು ಕೂಡ ಮಾಸಿರಲಿಲ್ಲ. ಮೇಲೆ ನನ್ನ ಹೆಸರು ಬರೆದರು. ನಾನು ಕೇಳಿದೆ, "ನಾನೂ ಅವರ ಹಾಗೇ ಬರೆದುಕೊಡ್ಲಾ ಸಾರ್, ಒಪ್ಕೊಳೋದೂ ಇಲ್ಲ, ಇಲ್ಲ ಅನ್ನೋದೂ ಇಲ್ಲ ಅಂತ?" ಅವರಿಗೆ ನಗು ಬಂತು. "ಆ ವಾಕ್ಯ ಬರೆಯೋಕೆ ಐದು ಜನ ವಕೀಲರು ಬೇಕಮ್ಮಾ. ನೀವು ಹೂಂ ಅಥವಾ ಊಹೂಂ ಅನ್ನಿ."

ಹೂಂ ಅಂದೆ.

ಪುಸ್ತಕಕ್ಕೆ ರಸೀದಿ ಕೊಟ್ಟರು. ಬೇರೆ ಪುಟಗಳನ್ನು ಯಾರೂ ನೋಡಬಾರದು ಅಂತ ಹೇಳಿ ಬಂದಿದ್ದೇನೆ, ಸೊಂಟಗಳಿಗೆ ಭಯವಿಲ್ಲ.

ನಿನ್ನ ಗುಂಡುಸೂಜಿ

*

ಜುಲೈ ೧೫
ಜೈಲಿನಿಂದ

ಗುಂಡುಸೂಜಿ,

ಎರಡು ವಾರ ಕಾಗದ ಬರೆಯಲಿಲ್ಲ. ಬರೆದಿದ್ದರೆ ಓದುವ ಸಾಹೇಬರು ಅರ್ಧ ಮಾತಿಗೆ ಮಸಿ ಬಳಿಯಬೇಕಾಗುತ್ತಿತ್ತು, ಅಷ್ಟು ಕೋಪ. ಬಿಚ್ಚಬೇಡ ಅಂದಿದ್ದೆ, ಬಿಚ್ಚಿದೆ. ಸಂದರ್ಶನಕ್ಕೆ ಹೋಗು ಅಂದಿದ್ದೆ, ಹೋಗಲಿಲ್ಲ. ನಾನಿಲ್ಲಿ ಎರಡು ತಿಂಗಳು ಒಂದೇ ಅಳತೆಯ ಬಟ್ಟೆ ಹೊಲಿದದ್ದು ದಂಡವಾಯಿತಲ್ಲ!

ಕೋಪ ಈಗ ಇಳಿದಿದೆ. ಅವತ್ತು ಔಷಧಿ ಕೋಣೆಯಲ್ಲಿ ನಿಂತುಕೊಂಡೆ ಎಂದು ಬರೆದಿದ್ದೆಯಲ್ಲ, ಆ ಕಾಗದವನ್ನು ಮತ್ತೆ ಓದಿದೆ. ಇನ್ನು ನೀನು ಅಲ್ಲಿ ನಿಲ್ಲಬೇಕಾಗಿಲ್ಲ. ಅಷ್ಟು ಸಾಕು.

ಭುಜದ ವಿಷಯ ಈಗ ಹೇಳುತ್ತೇನೆ. ಅಳತೆ ತೆಗೆದ ದಿನ ರಾತ್ರಿಯೇ ಬಟ್ಟೆ ಕತ್ತರಿಸಿದೆ. ಕೈಯಲ್ಲಿ ಕತ್ತರಿ, ತಲೆಯಲ್ಲಿ ಷೇರು. ಬರೆದಿಟ್ಟದ್ದನ್ನೇ ನೋಡಲಿಲ್ಲ. "ಟ್ರಯಲ್ ಏನೂ ಬೇಡ, ನಿಮ್ಮ ಕೈ ತಪ್ಪಲ್ಲ" ಅಂದಿದ್ದರು ಮೇಡಂ, ನೇರವಾಗಿ ಕಳಿಸಿಬಿಟ್ಟೆ. ಕೋರ್ಟಿನಲ್ಲಿ ಅವರು ಕುರ್ಚಿಯಿಂದ ಎದ್ದು ನಿಂತಾಗ ಎಲ್ಲರೂ ಮುಖ ನೋಡುತ್ತಿದ್ದರು, ನಾನು ಭುಜ ನೋಡಿದೆ. ನೀನು ತಲೆ ಬಗ್ಗಿಸಿ ನಿಂತೆ ಅಂದೆಯಲ್ಲ, ಅದಕ್ಕೇ. ಕಳ್ಳ ಅಂದಿದ್ದಕ್ಕಲ್ಲ. ಅಂಥ ಭುಜಕ್ಕೆ ನನ್ನ ಅಂಗಡಿಯ ಹೆಸರು ಹೊಲಿದಿದ್ದೆನಲ್ಲ, ಆ ನಾಚಿಕೆಗೆ.

ಅಣ್ಣ

*

ಸೆಪ್ಟೆಂಬರ್ ೯
ಆಸ್ಪತ್ರೆಯಿಂದ

ಅಣ್ಣಾ,

ನಿನ್ನ ವಕೀಲರು ಫೋನು ಮಾಡಿದ್ದರು. ಈಗ ಅವರಿಗೆ ನೀನು ಅಡುಗೆಯವನಲ್ಲ, ಸರಿಯಾಗಿ ನೆನಪಿದೆ. ಕದ್ದು ಓದಿದ ಆರೋಪವನ್ನು ನ್ಯಾಯಾಧೀಶರು ತೆಗೆದುಹಾಕಿದ್ದಾರೆ. ಷೇರು ಮಾರಿದ್ದಕ್ಕೆ ನಾಲ್ಕೇ ತಿಂಗಳು. ಅಂದರೆ ಮುಗಿದೇ ಹೋಗಿದೆ, ಈ ವಾರ ಬಿಡುತ್ತಾರೆ. ಫೋನು ಬಂದಿತ್ತು ಅಂತ ತೀರ್ಪಿನಲ್ಲೇ ಬರೆದಿದ್ದಾರಂತೆ. ಬಂದದ್ದು ಯಾರಿಗೆ ಎನ್ನುವ ಕಡೆ "ಮನೆಯೊಡತಿ" ಅಂತ ಮಾತ್ರ ಇದೆ, ಹೆಸರಿಲ್ಲ. ನಿನ್ನ ಹೆಸರು ಹದಿನೇಳು ಸಲ ಇದೆ.

ನನ್ನದೂ ಮುಗಿಯಿತು. ಮಾರಿ ಬಂದದ್ದನ್ನು ಹಿಂದಿರುಗಿಸಿ, ಮೇಲೊಂದಿಷ್ಟು ದಂಡ ಕಟ್ಟಿದೆ. ಹೆಡ್ ನರ್ಸ್ ಕುರ್ಚಿ ಪಕ್ಕದ ವಾರ್ಡಿನವಳಿಗೆ ಹೋಯಿತು. ಒಳ್ಳೆಯವಳು. ಮೊದಲ ದಿನ ಬಂದು, "ಅಕ್ಕಾ, ಬೀಗದಕೈ ಗೊಂಚಲು ನೀವೇ ಇಟ್ಕೊಳಿ, ನಂಗೆ ಯಾವ್ದು ಯಾವ್ದಕ್ಕೆ ಅಂತ ಗೊತ್ತಾಗಲ್ಲ" ಅಂದಳು. ಕುರ್ಚಿ ಅವಳದು, ಬೀಗದಕೈ ನನ್ನದು.

ಪೇಪರಿನಲ್ಲಿ ನಿನ್ನ ಚಿತ್ರ ಬಂದಾಗ ಹನ್ನೆರಡನೇ ಹಾಸಿಗೆಯಲ್ಲಿ ಈಗಿರುವ ಹೊಸ ಅಜ್ಜ, "ಈ ದರ್ಜಿ ಯಾರಮ್ಮಾ, ನಿನ್ನ ಮೂಗೇ ಇದೆಯಲ್ಲ?" ಅಂದರು. "ನಮ್ಮಣ್ಣ" ಅಂದೆ.

ಹೊರಗೆ ಬಂದ ಮೇಲೆ ಮೊದಲು ಆ ಕಂದು ಅಂಗಿಯ ಕಾಲರು ಹೊಲಿದುಕೋ.

ಗುಂಡುಸೂಜಿ

*

ನವೆಂಬರ್ ೧೮
ಅಂಗಡಿಯಿಂದ

ಪ್ರೀತಿಯ ಗುಂಡುಸೂಜಿಗೆ,

ಫೋನು ವಾಪಸು ಬಂದಿದೆ, ಚೀಲದ ಸಮೇತ. ಆದರೂ ಇದನ್ನು ಕಾಗದದಲ್ಲೇ ಹೇಳಬೇಕು.

ಗಿರಾಕಿಗಳು ಅರ್ಧದಷ್ಟು ಬಂದಿದ್ದಾರೆ. ನಾನು ಟೇಪು ಹಿಡಿದು ಹತ್ತಿರ ಹೋದರೆ ಕೆಲವರು ಬಾಯಿ ಬಿಗಿದುಕೊಂಡು ಉಸಿರು ಹಿಡಿಯುತ್ತಾರೆ. ಎದೆಯ ಅಳತೆ ಒಂದು ಇಂಚು ಜಾಸ್ತಿ ಬರುತ್ತದೆ. ಪುಸ್ತಕದಲ್ಲಿ "ಉಸಿರು" ಅಂತ ಬರೆದುಕೊಂಡು ಕಳೆಯುತ್ತೇನೆ.

ಮೊನ್ನೆ ಒಂದು ದೊಡ್ಡ ಡಬ್ಬಿ ಬಂತು. ಒಳಗೆ ನೀಲಿ ಕೋಟು! ಜೊತೆಗೊಂದು ಚೀಟಿ: "ಎಡ ಭುಜ ಸರಿಯಾಗಿ ಕೂರುತ್ತಿಲ್ಲ. ಶನಿವಾರ ಮೇಡಂಗೆ ಸನ್ಮಾನವಿದೆ. ಅಷ್ಟರೊಳಗೆ ಸರಿಪಡಿಸಿ ಕಳಿಸುವುದು." ಮೇಡಂ ಈಗ ಹೊಸ ಸಹಾಯಕಿಯನ್ನು ಇಟ್ಟುಕೊಂಡಿದ್ದಾರೆ. ಆ ಹುಡುಗಿಗೆ ಪಾಪ ಏನು ಗೊತ್ತು, ಕಾಲರಿನ ಒಳಗೆ ಹೊಲಿದ ಅಂಗಡಿಯ ಹೆಸರು, ವಿಳಾಸ ನೋಡಿ ಕಳಿಸಿದ್ದಾಳೆ. ನಿನ್ನ ಅತ್ತಿಗೆ ಮಂಡಿ ಹಿಡಿದುಕೊಂಡು ನಕ್ಕಳು. "ಮುಟ್ಟಬೇಡಿ, ಹಾಗೇ ತಿಪ್ಪೆಗೆ ಎಸೀರಿ" ಅಂದಳು.

ಆದರೆ ನಿನಗೆ ನನ್ನ ಕೈ ಗೊತ್ತಲ್ಲ, ತುರಿಸತೊಡಗಿತು. ಕೋಟನ್ನು ಅಂಗಡಿಯ ಗೊಂಬೆಗೆ ತೊಡಿಸಿದೆ. ಅರ್ಧ ಗಂಟೆಯ ಕೆಲಸ, ಹೆಚ್ಚಿಲ್ಲ. ತೋಳು ಬಿಚ್ಚಿ, ಭುಜವನ್ನು ಅರ್ಧ ಇಂಚು ಇಳಿಸಿ, ಮತ್ತೆ ಕೂರಿಸಿದರೆ ಮುಗಿಯಿತು. ನನ್ನ ನಲವತ್ತು ವರ್ಷದ ಒಂದೇ ಒಂದು ತಪ್ಪು ಅಳಿಸಿಹೋಗುತ್ತದೆ. ಹೊಲಿಗೆ ಬಿಚ್ಚಲು ಬ್ಲೇಡು ಕೂಡ ತೆಗೆದುಕೊಂಡೆ.

ಆಮೇಲೆ ಕೆಳಗಿಟ್ಟೆ. ಅದು ತಪ್ಪು ಅಂತ ಅವತ್ತು ಕೋರ್ಟಿನಲ್ಲಿ ತಲೆ ಬಗ್ಗಿಸಿದ್ದೆ. ಈಗ ಅದರ ಎದುರು ಕೂತು ನೋಡುತ್ತಾ ಇದ್ದರೆ, ಅದರಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಭುಜವನ್ನು ಮುಟ್ಟಲಿಲ್ಲ. ಕಾಲರಿನಲ್ಲಿ ಅಂಗಡಿಯ ಹೆಸರಿನ ಪಟ್ಟಿ ಒಂದು ಮೂಲೆಯಲ್ಲಿ ಬಿಟ್ಟಿತ್ತು, ಅದನ್ನು ಮಾತ್ರ ಬಿಗಿಯಾಗಿ ಹೊಲಿದೆ. ಇಸ್ತ್ರಿ ಹಾಕಿ, ಮಡಿಸಿ, ಅದೇ ಡಬ್ಬಿಯಲ್ಲಿಟ್ಟು, ಇರುವೆ ಅಕ್ಷರ ಬೇಡವೆಂದು ದಪ್ಪವಾಗಿ ಚೀಟಿ ಬರೆದೆ:

"ಕೋಟು ಸರಿಯಾಗಿದೆ. ಅಳತೆ ಕೊಟ್ಟ ದಿನ ಮೇಡಂ ಹೇಗೆ ನಿಂತಿದ್ದರೋ ಹಾಗೆ ನಿಂತರೆ ಸರಿಯಾಗಿ ಕೂರುತ್ತದೆ."

ನಿನ್ನ ಅಣ್ಣ